ಹೆಡಿಗೆ ಹೊತ್ತು ಓಡಿದಾಗ ಮೈಯಲ್ಲಿ ಏನಾಗುತ್ತದೆ?

ಹೋದ ವರ್ಷ ಅಡಿಕೆ ಸುಗ್ಗಿಯ ನಡುವೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿತು. ಬೇಯಿಸಿ ಹರಡಿದ ಅಡಿಕೆ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಅಂತ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರಿಗೆ ಹೇಳಬೇಕಾಗಿಲ್ಲ. ಬಣ್ಣ ಹೋಗುತ್ತದೆ, ಬೂಸ್ಟು ಹಿಡಿಯುತ್ತದೆ. ಮನೆಯಲ್ಲಿದ್ದವರೆಲ್ಲ ಹೆಡಿಗೆ, ಚೀಲ, ಕೈಗೆ ಸಿಕ್ಕಿದ್ದು ಹಿಡಿದು ಕಣಕ್ಕೆ ಇಳಿದೆವು. ಕಣದಿಂದ ಜಗಲಿಗೆ ಸುಮಾರು 40 ಮೀಟರ್. ಕೊನೆಯಲ್ಲಿ ಐದು ಮೆಟ್ಟಿಲು.

ನಾನು ವಾರಕ್ಕೆ ನಾಲ್ಕು ದಿನ ಓಡುವವನು. ಹೆಡಿಗೆ ಎತ್ತಿ ಹೆಗಲಿಗಿಟ್ಟು ಒಂದೇ ಉಸಿರಿಗೆ ಓಡಿದೆ. ಅಮ್ಮನಿಗೆ 58 ವರ್ಷ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ಮೇಲೆ ಸಿಂಬಿ ಇಟ್ಟು, ಅಷ್ಟೇ ದೊಡ್ಡ ಹೆಡಿಗೆ ಹೊತ್ತಳು. ಸಣ್ಣ ಸಣ್ಣ ಹೆಜ್ಜೆ, ಬೇಗ ಬೇಗ. ಮೊದಲ ಎರಡು ಸಲ ನಾನೇ ಮುಂದೆ. ಮೂರನೇ ಸಲ ಇಬ್ಬರೂ ಒಟ್ಟಿಗೆ ಮೆಟ್ಟಿಲಿಗೆ ಬಂದೆವು. ಆರನೇ ಸಲಕ್ಕೆ ನಾನು ಮಂಡಿ ಮೇಲೆ ಕೈ ಊರಿ ಬಗ್ಗಿ ನಿಂತಿದ್ದೆ. ಅಮ್ಮ ಏಳನೆಯದಕ್ಕೆ ಹೊರಟಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ನಿಂಗೆ ಸುಸ್ತಾಗ್ಲಿಲ್ವಾ ಅಮ್ಮ?"

"ಆಗದೆ ಏನು? ಆದ್ರೆ ನೀನು ಓಡ್ತಾ ಇರ್ಲಿಲ್ಲ ಮಾರಾಯ, ಹಾರ್ತಾ ಇದ್ದೆ. ಹೆಡಿಗೆ ನಿನ್ನ ಹೆಗಲ ಮೇಲೆ ಕುಣೀತಾ ಇತ್ತು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಆ ಹೆಡಿಗೆಯನ್ನು ತುಂಬಿ ತೂಕಕ್ಕಿಟ್ಟೆ. 22 ಕೆಜಿ. ಸೈನಿಕರು, ಬೆಂಕಿ ನಂದಿಸುವವರು, ಹಮಾಲರು, ಹೊರೆ ಹೊರುವ ಹೆಂಗಸರು ಇವರ ಮೇಲೆಲ್ಲ ಪ್ರಪಂಚದ ಬೇರೆ ಬೇರೆ ಕಡೆ ಒಳ್ಳೆಯ ಸಂಶೋಧನೆ ಆಗಿದೆ. ಅದನ್ನು ಓದುತ್ತಾ ಹೋದ ಹಾಗೆ ಅಮ್ಮ ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಯಿತು.

ಪ್ರತಿ ಹೆಜ್ಜೆಯೂ ಒಂದು ನೆಗೆತ

ನಡೆಯುವಾಗ ಒಂದಲ್ಲ ಒಂದು ಪಾದ ಯಾವಾಗಲೂ ನೆಲದ ಮೇಲೆ ಇರುತ್ತದೆ. ಓಡುವಾಗ ಹಾಗಿಲ್ಲ. ಎರಡು ಹೆಜ್ಜೆಗಳ ನಡುವೆ ಒಂದು ಕ್ಷಣ ಇಡೀ ದೇಹ ಗಾಳಿಯಲ್ಲಿರುತ್ತದೆ. ಓಟ ಅಂದರೆ ಒಂದರ ಹಿಂದೆ ಒಂದು ಸಣ್ಣ ನೆಗೆತ. ನೆಗೆದವನು ಕೆಳಗೆ ಬರಲೇಬೇಕು. ಬಂದಾಗ ಕಾಲು ಅದನ್ನು ಹಿಡಿದು, ತಡೆದು, ಮತ್ತೆ ಮೇಲಕ್ಕೆ ಎಸೆಯಬೇಕು.

ಆ ಹೊತ್ತಿನಲ್ಲಿ ಕಾಲಿನ ಮೇಲೆ ಬೀಳುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ನನ್ನ ತೂಕ 64 ಕೆಜಿ. ಎರಡೂವರೆ ಪಟ್ಟು ಅಂತ ಇಟ್ಟುಕೊಂಡರೆ, ಒಂದೊಂದು ಹೆಜ್ಜೆಯಲ್ಲೂ 160 ಕೆಜಿ ಭಾರ ಕೂತ ಹಾಗೆ. 22 ಕೆಜಿ ಹೆಡಿಗೆ ಸೇರಿದರೆ ಒಟ್ಟು 86. ಅದೇ ರೀತಿ ನೆಗೆದು ಓಡಿದರೆ 215 ಕೆಜಿ. ಹೆಗಲ ಮೇಲೆ ಇಟ್ಟಿದ್ದು 22, ಕಾಲಿಗೆ ಬಿದ್ದಿದ್ದು ಹೆಚ್ಚುವರಿ 55. ಎತ್ತಿದಾಗ ಹಗುರ ಅನ್ನಿಸಿದ ಹೆಡಿಗೆ ಹತ್ತು ಹೆಜ್ಜೆ ಓಡುವುದರೊಳಗೆ ಮಣ ಭಾರ ಆಗುವುದು ಹೀಗೆ.

ಇನ್ನು ವೇಗದ ವಿಷಯ. ಜೋರಾಗಿ ಓಡುವವರು ಕಾಲನ್ನು ಬೇಗ ಬೇಗ ಬೀಸುತ್ತಾರೆ, ಅದಕ್ಕೇ ಮುಂದೆ ಹೋಗುತ್ತಾರೆ ಅಂತ ನಾನೂ ತುಂಬಾ ದಿನ ನಂಬಿದ್ದೆ. ಅಮೆರಿಕದ ಪೀಟರ್ ವೆಯಾಂಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು. ಗಾಳಿಯಲ್ಲಿ ಕಾಲನ್ನು ಹಿಂದಿನಿಂದ ಮುಂದಕ್ಕೆ ತರಲು ವೇಗದ ಓಟಗಾರನಿಗೂ ಸಾಧಾರಣ ಓಟಗಾರನಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ವ್ಯತ್ಯಾಸ ಇರುವುದು ನೆಲವನ್ನು ಒತ್ತುವುದರಲ್ಲಿ. ಪೂರ್ತಿ ವೇಗದಲ್ಲಿ ಪಾದ ನೆಲದ ಮೇಲಿರುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಅಷ್ಟರೊಳಗೆ ಯಾರು ಜಾಸ್ತಿ ಬಲ ಹಾಕಿ ನೆಲವನ್ನು ಒದೆಯುತ್ತಾರೋ ಅವರು ಮುಂದೆ.

ಈಗ ಅದೇ ಓಟಗಾರನ ಮೇಲೆ ಹೊರೆ ಇಡಿ. ಸ್ನಾಯು ಮೊದಲಿನದೇ, ಬಲವೂ ಮೊದಲಿನದೇ. ಎತ್ತಬೇಕಾದ ಭಾರ ಮಾತ್ರ ಜಾಸ್ತಿ. ಹತ್ತನೇ ಒಂದು ಸೆಕೆಂಡು ಸಾಲುವುದಿಲ್ಲ. ಪಾದ ನೆಲದ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಗಾಳಿಯಲ್ಲಿ ಇರುವ ಹೊತ್ತು ಕಡಿಮೆಯಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಇದು ದೇಹ ತನ್ನನ್ನು ತಾನು ಕಾಪಾಡಿಕೊಳ್ಳುವ ರೀತಿ. ನಾನು ಆ ದಿನ ಮಾಡಿದ್ದು ಇದಕ್ಕೆ ಉಲ್ಟಾ. ಖಾಲಿ ಕೈಯಲ್ಲಿ ಓಡುವಾಗ ಇಡುವಷ್ಟೇ ಉದ್ದದ ಹೆಜ್ಜೆಯನ್ನು ಹೊರೆ ಹೊತ್ತೂ ಇಟ್ಟೆ. ಪ್ರತಿ ನೆಗೆತಕ್ಕೂ 86 ಕೆಜಿಯನ್ನು ಮೇಲಕ್ಕೆ ಎಸೆದು ಹಿಡಿದೆ. ಅಮ್ಮ ನೆಗೆಯಲೇ ಇಲ್ಲ.

ದೂರದ ಓಟದಲ್ಲಿ ಲೆಕ್ಕ ಬೇರೆ. ಅಲ್ಲಿ ಮೊದಲು ಸೋಲುವುದು ಉಸಿರು. 1980ರಲ್ಲಿ ರಿಚರ್ಡ್ ಟೇಲರ್ ಮತ್ತು ಸಂಗಡಿಗರು ಇಲಿ, ನಾಯಿ, ಕುದುರೆ, ಮನುಷ್ಯ ಇವರೆಲ್ಲರ ಬೆನ್ನಿಗೆ ಭಾರ ಕಟ್ಟಿ ಓಡಿಸಿ, ಎಷ್ಟು ಆಮ್ಲಜನಕ ಬಳಸುತ್ತಾರೆ ಅಂತ ಅಳೆದರು. ಸಿಕ್ಕ ಉತ್ತರ ತುಂಬಾ ಸರಳ. ಮೈತೂಕದ ಶೇಕಡಾ 10ರಷ್ಟು ಭಾರ ಹೊತ್ತರೆ ಆಮ್ಲಜನಕವೂ ಸುಮಾರು ಶೇಕಡಾ 10 ಜಾಸ್ತಿ ಬೇಕು. ಶೇಕಡಾ 20 ಹೊತ್ತರೆ 20.

ಇದರಿಂದ ಒಂದು ಅಂದಾಜು ಮಾಡಬಹುದು. 60 ಕೆಜಿ ಹುಡುಗ 5 ಕಿಮೀ ದೂರವನ್ನು 25 ನಿಮಿಷದಲ್ಲಿ ಓಡುತ್ತಾನೆ ಅಂದುಕೊಳ್ಳಿ. ಬೆನ್ನ ಮೇಲೆ 15 ಕೆಜಿ, ಅಂದರೆ ಮೈತೂಕದ ಕಾಲು ಭಾಗ. ಅದೇ ಉಸಿರಿನಲ್ಲಿ ಓಡಿದರೆ 31 ನಿಮಿಷ ದಾಟುತ್ತದೆ. ನಮ್ಮ ಸೇನೆಯ ದೈಹಿಕ ಪರೀಕ್ಷೆಗಳಲ್ಲಿ ಯುದ್ಧದ ಸಾಮಾನು ಹೊತ್ತು 5 ಕಿಮೀ ಓಡುವುದು ಒಂದು. ಅದರ ಜೊತೆ 60 ಮೀಟರ್ ಓಟ, ಹಗ್ಗ ಹತ್ತುವುದು, 9 ಅಡಿ ಕಂದಕ ಹಾರುವುದು. ರಜೆಗೆ ಬಂದ ಯೋಧರು ಬೆಳಿಗ್ಗೆ ರಸ್ತೆಯಲ್ಲಿ ಖಾಲಿ ಕೈಯಲ್ಲಿ ಓಡುವುದನ್ನು ನೋಡಿ "ಇಷ್ಟು ಆರಾಮಾಗಿ ಓಡ್ತಾರಲ್ಲ" ಅನ್ನಿಸಿದರೆ ಕಾರಣ ಇದೇ. ಅವರ ನಿಜವಾದ ಓಟ ಬೇರೆ ಇದೆ.

ಪಾದಕ್ಕೆ ಅಂಟಿದ ಕೆಸರು

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಆಶ್ಚರ್ಯ ತಂದಿದ್ದು ಇದು. ಒಂದು ಕೆಜಿ ಬೆನ್ನ ಮೇಲೆ ಇದ್ದರೆ ಒಂದು ಲೆಕ್ಕ, ಅದೇ ಒಂದು ಕೆಜಿ ಪಾದದಲ್ಲಿ ಇದ್ದರೆ ಇನ್ನೊಂದು. ಪಾದದ ಮೇಲಿನ ಭಾರ ಬೆನ್ನ ಮೇಲಿನ ಭಾರಕ್ಕಿಂತ ನಾಲ್ಕರಿಂದ ಆರು ಪಟ್ಟು ದುಬಾರಿ ಅಂತ 1969ರಲ್ಲೇ ಅಮೆರಿಕದ ಸೇನೆಗೆ ಕೆಲಸ ಮಾಡುತ್ತಿದ್ದ ಸಂಶೋಧಕರು ಜನರನ್ನು ನಡೆಸಿ ಅಳೆದು ತೋರಿಸಿದ್ದರು. ಓಟದಲ್ಲೂ ಹಾಗೆಯೇ. ಒಂದೊಂದು ಶೂಗೂ 100 ಗ್ರಾಂ ಸೇರಿಸಿದರೆ ಸುಮಾರು ಶೇಕಡಾ 1ರಷ್ಟು ಜಾಸ್ತಿ ಶಕ್ತಿ ಬೇಕು.

ಯಾಕೆ ಹೀಗೆ? ನೀವು ಒಂದೇ ವೇಗದಲ್ಲಿ ಓಡುವಾಗ ನಿಮ್ಮ ಬೆನ್ನು ಒಂದೇ ಸಮನೆ ಮುಂದೆ ಹೋಗುತ್ತಿರುತ್ತದೆ. ಪಾದದ ಕತೆ ಹಾಗಲ್ಲ. ನೆಲ ಮುಟ್ಟಿದಾಗ ಅದು ಪೂರ್ತಿ ನಿಲ್ಲುತ್ತದೆ. ಮತ್ತೆ ಎದ್ದು, ದೇಹವನ್ನು ಹಿಂದೆ ಹಾಕಿ, ಮುಂದೆ ಹೋಗಿ ಬೀಳಬೇಕು. ಅದಕ್ಕೆ ದೇಹದ ವೇಗಕ್ಕಿಂತ ಸುಮಾರು ಎರಡು ಪಟ್ಟು ವೇಗ ಬೇಕು. ನೀವು ಸೆಕೆಂಡಿಗೆ 4 ಮೀಟರ್ ಓಡುತ್ತಿದ್ದರೆ, ಪಾದ 0ಯಿಂದ 8ರ ಹತ್ತಿರ ಹೋಗಿ ಮತ್ತೆ 0ಗೆ ಬರುತ್ತದೆ. ನಿಮಿಷಕ್ಕೆ ಒಂದೊಂದು ಕಾಲಿಗೆ 80 ಸಲಕ್ಕೂ ಮೇಲೆ. 1 ಕೆಜಿಯನ್ನು ಆ ವೇಗಕ್ಕೆ ತರಲು ಬೇಕಾಗುವ ಶಕ್ತಿ, ಅದೇ 1 ಕೆಜಿಯನ್ನು 3 ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವಷ್ಟು. ಸ್ನಾಯುರಜ್ಜುಗಳು ಅದರಲ್ಲಿ ಒಂದಿಷ್ಟನ್ನು ವಾಪಸ್ ಕೊಡುತ್ತವೆ, ಪೂರ್ತಿ ಕೊಡುವುದಿಲ್ಲ.

ನಮ್ಮೂರ ಕಡೆ ಕೆಸರುಗದ್ದೆ ಓಟ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಮೊದಲ ಹತ್ತು ಮಾರು ಹಾರಿಕೊಂಡು ಹೋದವರು ಆಮೇಲೆ ಕಾಲು ಕೀಳಲು ಒದ್ದಾಡುತ್ತಾರೆ. ಕೆಸರು ಹಿಡಿದು ಎಳೆಯುವುದು ಒಂದು ಕಡೆ, ಪಾದಕ್ಕೆ ಮೆತ್ತಿಕೊಂಡ ಕೆಸರಿನ ತೂಕ ಇನ್ನೊಂದು ಕಡೆ. ಮಳೆಗಾಲದಲ್ಲಿ ಗಂಬೂಟು ಹಾಕಿಕೊಂಡು ತೋಟದ ದರೆ ಹತ್ತಿದರೂ ಇದೇ ಅನುಭವ.

ಹಳೆಯ ಗ್ರೀಸಿನವರಿಗೂ ಇದು ಗೊತ್ತಾಗಿತ್ತು ಅನ್ನಿಸುತ್ತದೆ. ಕ್ರಿಸ್ತಪೂರ್ವ 520ರಲ್ಲಿ ಅವರ ಒಲಿಂಪಿಕ್ಸ್‌ಗೆ ಯುದ್ಧ ಕವಚದ ಓಟ ಸೇರಿತು. ಗುರಾಣಿ, ಶಿರಸ್ತ್ರಾಣ, ಮೊಣಕಾಲಿನ ಕೆಳಗೆ ಕಂಚಿನ ಕವಚ, ಇಷ್ಟೂ ಹೊತ್ತು ಓಡಬೇಕಿತ್ತು. ಮುಂದೆ ಕಾಲಿನ ಕವಚವನ್ನು ಕೈಬಿಟ್ಟರು. ಭಾರದ ಗುರಾಣಿ ಮಾತ್ರ ಉಳಿಯಿತು.

2011ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 15ನೇ ಶತಮಾನದ ಯುರೋಪಿನ ಯೋಧರು ತೊಡುತ್ತಿದ್ದ ಉಕ್ಕಿನ ಕವಚದ ಪ್ರತಿಕೃತಿಗಳನ್ನು ತೊಡಿಸಿ, ಅಂಥ ಕವಚದಲ್ಲಿ ಓಡಾಡಿ ಅಭ್ಯಾಸ ಇದ್ದವರನ್ನೇ ಟ್ರೆಡ್‌ಮಿಲ್ ಮೇಲೆ ನಡೆಸಿದರು, ಓಡಿಸಿದರು. ಕವಚದ ತೂಕ 30ರಿಂದ 50 ಕೆಜಿ. ನಡೆಯಲು ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕಾಯಿತು, ಓಡಲು ಸುಮಾರು 1.9 ಪಟ್ಟು. ಅಷ್ಟೇ ತೂಕವನ್ನು ಬೆನ್ನಿಗೆ ಹಾಕಿದ್ದರೆ ಇಷ್ಟು ಆಗುತ್ತಿರಲಿಲ್ಲ. ಕಾಲಿಗೆ ತೊಡಿಸಿದ ಉಕ್ಕು ಪ್ರತಿ ಹೆಜ್ಜೆಯಲ್ಲೂ ಬೀಸಬೇಕಲ್ಲ. ಜೊತೆಗೆ ಎದೆಯ ಕವಚ ಬಿಗಿಯಾಗಿದ್ದರಿಂದ ಆಳವಾಗಿ ಉಸಿರೆಳೆಯಲು ಆಗುತ್ತಿರಲಿಲ್ಲ. ಮೇಲುಸಿರು ಬಿಡುತ್ತಾ ಬೇಗ ಬೇಗ ಉಸಿರಾಡುತ್ತಿದ್ದರು. 1415ರ ಅಜಿನ್‌ಕೋರ್ಟ್ ಕದನದಲ್ಲಿ ಫ್ರೆಂಚ್ ಯೋಧರು ಇಂಥ ಕವಚ ತೊಟ್ಟು ಉತ್ತ ಗದ್ದೆಯ ಕೆಸರಿನಲ್ಲಿ ಶತ್ರುವಿನ ಕಡೆ ನಡೆದುಕೊಂಡು ಹೋದರು. ಮುಟ್ಟುವ ಹೊತ್ತಿಗೇ ಬಸವಳಿದಿದ್ದರು. ನಮ್ಮ ಗದ್ದೆ ನೋಡಿದವರು ಅದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು.

ಇದನ್ನು ಇಷ್ಟು ಹೊತ್ತು ಹೇಳಲು ಕಾರಣ ಪಕ್ಕದ ಮನೆ ಹುಡುಗ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದ. 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಒಂದು ಬೆಳಿಗ್ಗೆ ಶಾಲೆ ಮೈದಾನದಲ್ಲಿ ಎರಡೂ ಕಾಲಿನ ಗಂಟಿಗೆ ಮರಳು ತುಂಬಿದ ಚೀಲ ಕಟ್ಟಿಕೊಂಡು ಓಡುತ್ತಿದ್ದ. ಹಳೆ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದ ಚೀಲ. ಉಜ್ಜಿ ಉಜ್ಜಿ ಗಂಟಿನ ಹತ್ತಿರ ಚರ್ಮ ಕೆಂಪಾಗಿತ್ತು.

"ಎಂತಕ್ಕೆ ಇದು?" ಅಂದೆ.

"ಇದನ್ನ ಕಟ್ಕೊಂಡು ಒಂದು ತಿಂಗಳು ಓಡಿ, ಆಮೇಲೆ ಬಿಚ್ಚಿದ್ರೆ ಕಾಲು ಗಾಳಿ ಥರ ಹೋಗುತ್ತಂತೆ ಅಣ್ಣ."

ಬಿಚ್ಚಿದ ತಕ್ಷಣ ಹಗುರ ಅನ್ನಿಸುವುದು ನಿಜ. ಅದು ಮೈಗೆ ಆಗುವ ಭ್ರಮೆ, ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ಆದರೆ ಆ ಚೀಲ ಕಟ್ಟಿದಷ್ಟು ಹೊತ್ತು ಅವನ ಕಾಲು ಬೇರೆಯೇ ಓಟ ಕಲಿಯುತ್ತಿತ್ತು. ಕಾಲನ್ನು ಮುಂದಕ್ಕೆ ಎಸೆದು, ಹಿಮ್ಮಡಿ ಧಪ್ ಅಂತ ಊರಿ ಓಡುತ್ತಿದ್ದ. ಕಾಲಿನ ತುದಿಗೆ ಕಟ್ಟಿದ ಭಾರ ಮಂಡಿಯನ್ನು, ಸೊಂಟದ ಕೀಲನ್ನು ಎಳೆಯುತ್ತದೆ. ಅವನ ಪರೀಕ್ಷೆಯಲ್ಲಿ ಭಾರ ಹೊತ್ತು ಓಡುವುದೇ ಇಲ್ಲ. ಚೀಲ ಬಿಚ್ಚಿ ಎಸೆ, ಬೇಕಿದ್ದರೆ ಗುಡ್ಡದ ಏರಿನಲ್ಲಿ ಓಡು ಅಂದೆ. ಏರು ಹತ್ತುವಾಗ ತೊಡೆ, ಮೀನಖಂಡ ಎರಡಕ್ಕೂ ಬೇಕಾದಷ್ಟು ಭಾರ ಬೀಳುತ್ತದೆ. ಓಟದ ರೀತಿ ಕೆಡುವುದಿಲ್ಲ. ಮಲೆನಾಡಲ್ಲಿ ಏರಿಗೆ ಬರವಾ?

ಕುಣಿಯುವ ಹೊರೆ

ಈಗ ಅಮ್ಮನ ಸಿಂಬಿಗೆ ಬರೋಣ. 1986ರಲ್ಲಿ ಕೀನ್ಯಾದ ಲುವೊ ಮತ್ತು ಕಿಕುಯು ಸಮುದಾಯದ ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ ಪ್ರಪಂಚದ ಗಮನ ಸೆಳೆಯಿತು. ಅವರು ಮೈತೂಕದ ಶೇಕಡಾ 20ರವರೆಗೆ ತಲೆಯ ಮೇಲೆ ಅಥವಾ ಹಣೆಗೆ ಪಟ್ಟಿ ಕಟ್ಟಿ ಹೊತ್ತು ನಡೆದರೂ ಹೆಚ್ಚಿನ ಆಮ್ಲಜನಕ ಬೇಕಾಗಲಿಲ್ಲ. ನಡಿಗೆಯಲ್ಲಿ ದೇಹ ಲೋಲಕದ ಹಾಗೆ ತೂಗುತ್ತದೆ. ಅವರು ಆ ತೂಗಾಟವನ್ನು ಹೊರೆ ಇದ್ದಾಗ ಇನ್ನೂ ಚೆನ್ನಾಗಿ ಬಳಸಿಕೊಳ್ಳುತ್ತಾರೆ ಅಂತ ಆಮೇಲೆ ಗೊತ್ತಾಯಿತು. ನೇಪಾಳದ ಹಮಾಲರ ಮೇಲೆ 2005ರಲ್ಲಿ ಬಂದ ಅಧ್ಯಯನದಲ್ಲಿ ಗಂಡಸರು ಸರಾಸರಿ ತಮ್ಮ ಮೈತೂಕದ ಶೇಕಡಾ 93ರಷ್ಟು ಹೊರೆ ಹೊರುತ್ತಿದ್ದರು.

ಇಲ್ಲಿ ಎರಡು ಮಾತು ನೆನಪಿಡಬೇಕು. ಇದೆಲ್ಲ ನಡಿಗೆಯ ಲೆಕ್ಕ, ಓಟದ್ದಲ್ಲ. ಮತ್ತೆ ಅಮ್ಮನ ತೂಕ 52 ಕೆಜಿ. 22 ಕೆಜಿ ಅಂದರೆ ಅವಳ ಮೈತೂಕದ ಶೇಕಡಾ 40 ದಾಟುತ್ತದೆ. ಹಾಗಾಗಿ ಅವಳಿಗೂ ಆ ಹೊರೆ ಪುಕ್ಕಟೆ ಆಗಿರಲಿಲ್ಲ. ನಮ್ಮ ಹೆಂಗಸರಿಗೆ ಸೊಪ್ಪಿನ ಹೊರೆ, ದರಗಿನ ಕಲ್ಲಿ (ಒಣ ಎಲೆ ತುಂಬಿದ ಬಲೆ) ಭಾರವೇ ಅಲ್ಲ ಅಂತ ಹೇಳುವವರಿದ್ದಾರೆ. ಅದು ತಪ್ಪು. ಅವರ ಕುತ್ತಿಗೆ, ಸೊಂಟ ಕೇಳಿದರೆ ಗೊತ್ತಾಗುತ್ತದೆ. ಅಮ್ಮ ಉಳಿಸಿದ್ದು ಬೇರೆ ಕಡೆ. ಹೊರೆ ಅಲ್ಲಾಡದ ಹಾಗೆ ನೋಡಿಕೊಂಡಳು.

ಸಡಿಲವಾದ ಹೊರೆ ನಿಮ್ಮ ತಾಳಕ್ಕೆ ಕುಣಿಯುವುದಿಲ್ಲ. ನೀವು ಮೇಲೆ ಹೋಗುವಾಗ ಅದು ಕೆಳಗೆ ಬರುತ್ತಿರುತ್ತದೆ. ನೀವು ಕೆಳಗೆ ಬಂದು ಕಾಲೂರಿದ ಮೇಲೆ ಅದು ಬಂದು ಗುದ್ದುತ್ತದೆ. ಎಡಕ್ಕೆ ವಾಲಿದರೆ ಸೊಂಟದ ಬಲಗಡೆಯ ಸ್ನಾಯು ಎಳೆದು ಹಿಡಿಯಬೇಕು. ಈ ಕೆಲಸ ಯಾವುದೂ ನಿಮ್ಮನ್ನು ಒಂದು ಅಂಗುಲವೂ ಮುಂದೆ ಒಯ್ಯುವುದಿಲ್ಲ.

ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರ್ ಹೊತ್ತು ನೋಡಿದ್ದೀರಾ? ತುಂಬಿದಾಗ ಭಾರ ಜಾಸ್ತಿ, ಆದರೆ ಸುಮ್ನೆ ಕೂತಿರುತ್ತದೆ. ಅರ್ಧ ಖಾಲಿಯಾದ ಮೇಲೆ ಭಾರ ಕಡಿಮೆ. ಆದರೂ ಕಾಲುಸಂಕ ದಾಟುವಾಗ ಜೀವ ಬಾಯಿಗೆ ಬರುತ್ತದೆ. ಒಳಗೆ ನೀರು ಹಿಂದೆ ಮುಂದೆ ಹೊಡೆಯುತ್ತಿರುತ್ತದೆ, ಪ್ರತಿ ಹೆಜ್ಜೆಗೂ ನಿಮ್ಮನ್ನು ಸಂಕದ ಅಂಚಿಗೆ ತಳ್ಳುತ್ತದೆ.

ಅದಕ್ಕೇ ಬೆನ್ನಿನ ಚೀಲದಲ್ಲಿ ಭಾರದ ಸಾಮಾನು ಬೆನ್ನಿಗೆ ತಾಗಿಕೊಂಡೇ ಇರಬೇಕು. ಹಿಂದಕ್ಕೆ ಜೋತುಬಿದ್ದಷ್ಟೂ ನೀವು ಮುಂದಕ್ಕೆ ಬಗ್ಗಬೇಕು, ಬಗ್ಗಿದಷ್ಟೂ ಉಸಿರಿಗೆ ಜಾಗ ಕಡಿಮೆ. ಸೊಂಟದ ಪಟ್ಟಿ ಇದ್ದರೆ ಬಿಗಿಯಾಗಿ ಕಟ್ಟಿ, ಭಾರ ಹೆಗಲಿನಿಂದ ಸೊಂಟದ ಮೂಳೆಗೆ ಇಳಿಯುತ್ತದೆ. ಎದೆಯ ಪಟ್ಟಿಯನ್ನು ಮಾತ್ರ ಉಸಿರು ಕಟ್ಟುವಷ್ಟು ಬಿಗಿಯಬೇಡಿ. ಚೀಲದೊಳಗೆ ಖಾಲಿ ಜಾಗ ಇದ್ದರೆ ಬಟ್ಟೆ ತುರುಕಿ.

ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ತುದಿಗೆ ಭಾರ ಕಟ್ಟಿಕೊಂಡು ಕುಕ್ಕುಲೋಟದಲ್ಲಿ ಹೋಗುವವರನ್ನು ಹಿಂದಿನವರು ನೋಡಿದ್ದಾರೆ. ಅಲ್ಲಿ ಹೊರೆ ಕುಣಿಯುತ್ತದಲ್ಲ ಅಂತ ಕೇಳಬಹುದು. ಆದರೆ ಬಾಗುವ ಬಿದಿರಿನ ಅಡ್ಡೆಯಲ್ಲಿ ದೇಹ ಮಾತ್ರ ಮೇಲೆ ಕೆಳಗೆ ಆಗುತ್ತದೆ, ಹೊರೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತೇಲಿಕೊಂಡು ಬರುತ್ತದೆ. ರಾಜರ್ ಕ್ರಾಮ್ ಎನ್ನುವ ಸಂಶೋಧಕ 1991ರಲ್ಲಿ ಇದನ್ನು ಅಳೆದರು. ಖರ್ಚಾಗುವ ಶಕ್ತಿ ಕಡಿಮೆಯಾಗಲಿಲ್ಲ, ಆದರೆ ಹೆಗಲಿಗೆ ಬೀಳುವ ಗುದ್ದು ತುಂಬಾ ಕಡಿಮೆಯಾಯಿತು. ದಿನವಿಡೀ ಹೊರುವವರಿಗೆ ಅದೇ ದೊಡ್ಡ ಲಾಭ.

ಏರು, ಇಳಿಜಾರು, ಸೆಕೆ

ಸಮತಟ್ಟು ನೆಲದಲ್ಲಿ ಜಾಣತನದಿಂದ ಒಂದಿಷ್ಟು ಉಳಿಸಬಹುದು. ಏರಿನಲ್ಲಿ ಆ ಆಟ ನಡೆಯುವುದಿಲ್ಲ. ಭಾರವನ್ನು ಇಷ್ಟು ಎತ್ತರಕ್ಕೆ ಒಯ್ಯಬೇಕು ಅಂದರೆ ಅದಕ್ಕೆ ಬೇಕಾದ ಶಕ್ತಿ ಕೊಡಲೇಬೇಕು. 70 ಕೆಜಿ ಮನುಷ್ಯ 20 ಕೆಜಿ ಚೀಲ ಹೊತ್ತು 300 ಮೀಟರ್ ಎತ್ತರ ಹತ್ತಿದರೆ, ಬರೀ ಎತ್ತುವ ಕೆಲಸಕ್ಕೇ 63 ಕಿಲೋಕ್ಯಾಲರಿ. ಸ್ನಾಯುಗಳು ಬಳಸಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಹಾಕಬಲ್ಲವು. ಹಾಗಾಗಿ ಮೈ ಸುಡುವುದು ಸುಮಾರು 250. ಚೀಲ ಇಲ್ಲದಿದ್ದರೆ 200ರ ಆಸುಪಾಸು. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಕೆಳಗಿನಿಂದ ಕಾಲ್ನಡಿಗೆಯಲ್ಲಿ ಹೋಗುವವರು ಚೀಲಕ್ಕೆ ಇನ್ನೊಂದು ಬಾಟಲಿ ತುರುಕುವಾಗ ಈ ಲೆಕ್ಕ ನೆನಪಿಡಬಹುದು. ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ಬಿರುಸಾಗಿ ನಡೆಯುವುದೇ ಅಗ್ಗ. ಹೊರೆ ಇದ್ದರೆ ಇನ್ನೂ ಸಣ್ಣ ಏರಿನಲ್ಲೇ ನಡಿಗೆಗೆ ಇಳಿಯುವುದು ಜಾಣತನ.

ಇಳಿಯುವುದು ಸುಲಭ ಅನ್ನಿಸುತ್ತದೆ, ಉಸಿರು ಹತ್ತುವುದಿಲ್ಲ. ಆದರೆ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಆ ಕೆಲಸದಲ್ಲಿ ಅದರ ಎಳೆಗಳು ಜಾಸ್ತಿ ಹರಿಯುತ್ತವೆ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯಲು ಆಗದ ಹಾಗೆ ನೋವು ಬರುವುದು ಅದಕ್ಕೇ. ಹೊರೆ ಹೊತ್ತು ಇಳಿಜಾರಿನಲ್ಲಿ ಓಡುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಸೆಕೆಯ ಬಗ್ಗೆ ನಮ್ಮ ಕಡೆ ಜನ ಯೋಚಿಸುವುದು ಕಡಿಮೆ. ಸ್ನಾಯು ಕೆಲಸಕ್ಕೆ ಹಾಕದ ಆ ಮುಕ್ಕಾಲು ಭಾಗ ಶಕ್ತಿ ಎಲ್ಲಿ ಹೋಗುತ್ತದೆ? ಬಿಸಿಯಾಗಿ ಮೈಯಲ್ಲೇ ಉಳಿಯುತ್ತದೆ. ಅದು ಹೊರಗೆ ಹೋಗಲು ಬೆವರು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಸುಮ್ನೆ ಹರಿದು ಕೆಳಗೆ ಬಿದ್ದರೆ ಏನೂ ಪ್ರಯೋಜನವಿಲ್ಲ. ಮಳೆ ಶುರುವಾಗುವ ಮುಂಚಿನ ದಿನಗಳಲ್ಲಿ ಘಟ್ಟದ ಗಾಳಿ ತೇವದಿಂದ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ. ಅದರ ಮೇಲೆ ದಪ್ಪ ಬಟ್ಟೆ, ರೈನ್‌ಕೋಟು, ಚೀಲ ಹಾಕಿ ಓಡಿದರೆ ಒಳಗೆ ಒಲೆ ಹಚ್ಚಿದ ಹಾಗೆ. ಅಗ್ನಿಶಾಮಕದವರ ರಕ್ಷಣಾ ಉಡುಪು, ಉಸಿರಾಟದ ಸಿಲಿಂಡರ್ ಎಲ್ಲ ಸೇರಿ 20 ಕೆಜಿ ದಾಟುತ್ತದೆ. ಅವರನ್ನು ಹೈರಾಣು ಮಾಡುವುದರಲ್ಲಿ ಆ ತೂಕದಷ್ಟೇ ಪಾಲು ಈ ಬಿಸಿಯದೂ ಇದೆ. ಓಡುವಾಗ ತಲೆ ಸುತ್ತಿದರೆ, ಚಳಿ ಬಂದ ಹಾಗೆ ಆದರೆ, ಮಾತು ತೊದಲಿದರೆ ತಕ್ಷಣ ನಿಲ್ಲಿಸಿ, ಹೊರೆ ಇಳಿಸಿ, ನೆರಳಿಗೆ ಹೋಗಿ, ಮೈಗೆ ನೀರು ಹಾಕಬೇಕು. ಮಾತು ತೊದಲುವ ಮಟ್ಟಕ್ಕೆ ಹೋದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹೊರೆ ಬಿಡುವ ಹೊತ್ತು

ಫೆಬ್ರವರಿಯಿಂದ ಮಳೆ ಬರುವವರೆಗೆ ನಮ್ಮ ಗುಡ್ಡಗಳಲ್ಲಿ ಬೆಂಕಿಯ ಕಾಲ. ಅರಣ್ಯ ಇಲಾಖೆಯ ವಾಚರ್‌ಗಳು, ಊರಿನವರು ಹಸಿ ಸೊಪ್ಪಿನ ಕೊಂಬೆ, ಕತ್ತಿ, ನೀರಿನ ಕ್ಯಾನು ಹಿಡಿದು ಗುಡ್ಡ ಹತ್ತುತ್ತಾರೆ. ಬೆಂಕಿ ಏರಿನಲ್ಲಿ ಜೋರಾಗಿ ಓಡುತ್ತದೆ. ಇಳಿಜಾರು 10 ಡಿಗ್ರಿ ಜಾಸ್ತಿಯಾದರೆ ಅದರ ವೇಗ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ಬೆಂಕಿ ನಂದಿಸುವವರ ಲೆಕ್ಕ. ಮನುಷ್ಯ ಏರಿನಲ್ಲಿ ನಿಧಾನ, ಹೊರೆ ಹೊತ್ತವನು ಇನ್ನೂ ನಿಧಾನ.

1949ರಲ್ಲಿ ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಎಂಬಲ್ಲಿ ಕಾಡಿನ ಬೆಂಕಿ ನಂದಿಸಲು ಹೋದ 13 ಜನ ಸತ್ತರು. ಬೆಂಕಿ ಹಿಂದಿನಿಂದ ಬರುತ್ತಿತ್ತು, ಅವರು ಗುಡ್ಡ ಹತ್ತಿ ಓಡುತ್ತಿದ್ದರು. ಸಾಮಾನು ಬಿಸಾಡಿ ಅಂತ ಮುಂದಾಳು ಕೂಗಿ ಹೇಳಿದ, ಆದರೂ ಕೆಲವರು ಬಿಡಲಿಲ್ಲ. 1994ರಲ್ಲಿ ಕೊಲರಾಡೊದ ಸೌತ್ ಕ್ಯಾನಿಯನ್‌ನಲ್ಲಿ 14 ಜನ ಸತ್ತರು. ಅಲ್ಲೂ ಕೆಲವರು ಕೊನೆಯವರೆಗೆ ಚೀಲ, ಗರಗಸ ಹೊತ್ತೇ ಇದ್ದರು. ಬಿಸಾಡಿದ್ದರೆ ಇನ್ನೂ ಬೇಗ ಹೋಗಬಹುದಿತ್ತು. ಕೈಯಲ್ಲಿರುವ ಸಾಮಾನು ಕೆಲಸದವನಿಗೆ ತನ್ನ ಮೈಯ ಭಾಗವೇ ಆಗಿರುತ್ತದೆ. ಬಿಡಬೇಕು ಅಂತ ಹೊಳೆಯುವುದೇ ಇಲ್ಲ. ನಮ್ಮ ವಾಚರ್‌ಗಳಿಗೆ ಕೊಡುವ ತರಬೇತಿಯಲ್ಲಿ ಸಾಮಾನು ಬಿಸಾಡಿ ಓಡುವುದನ್ನೂ ಮಾಡಿಸಿ ಅಭ್ಯಾಸ ಆಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮೊಬೈಲ್, ಕತ್ತಿ, ಕ್ಯಾನು ಇವೆಲ್ಲ ಮತ್ತೆ ಕೊಳ್ಳಬಹುದು.

ಅಮೆರಿಕದ ಅದೇ ಕಾಡಿನ ಬೆಂಕಿ ನಂದಿಸುವವರಿಗೆ ಒಂದು ಪರೀಕ್ಷೆ ಇದೆ. 20 ಕೆಜಿ ಚೀಲ ಹೊತ್ತು 4.8 ಕಿಮೀ ದೂರವನ್ನು 45 ನಿಮಿಷದಲ್ಲಿ ಮುಗಿಸಬೇಕು. ಓಡುವ ಹಾಗಿಲ್ಲ, ನಡೆಯಬೇಕು. ಭಾರ ಹೊತ್ತು ಕೆಲಸ ಮಾಡುವುದೇ ಕಸುಬಾದವರು ಇಟ್ಟುಕೊಂಡ ನಿಯಮ ಇದು. ಸೇನೆಗೆ, ಅರಣ್ಯ ಇಲಾಖೆಗೆ ಹೋಗಬೇಕು ಅಂತ ತಯಾರಾಗುವ ನಮ್ಮ ಹುಡುಗ ಹುಡುಗಿಯರಿಗೂ ನಾನು ಹೇಳುವುದು ಇದನ್ನೇ. ಹೊರೆ ಹೊತ್ತು ನಡೆಯಿರಿ, ಖಾಲಿ ಮೈಯಲ್ಲಿ ಓಡಿ, ಬೈಠಕ್ ಹೊಡೆದು ಕಾಲಿಗೆ ಬಲ ಕೊಡಿ. ಮೈತೂಕದ ಹತ್ತನೇ ಒಂದು ಭಾಗದಿಂದ ಶುರು ಮಾಡಿ, ವಾರದಲ್ಲಿ ಒಂದೆರಡು ದಿನ ಸಾಕು. ಉಸಿರು, ಸ್ನಾಯು ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ. ಮೂಳೆಗೆ ತಿಂಗಳುಗಳು ಬೇಕು. ಅವಸರ ಮಾಡಿದವರ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಒಂದೇ ಜಾಗದಲ್ಲಿ ಒತ್ತಿದರೆ ನೋವಾಗುತ್ತಿದೆ, ರಾತ್ರಿಯೂ ನೋಯುತ್ತಿದೆ ಅಂದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಇನ್ನು ನಮ್ಮ ಕಣದ ಲೆಕ್ಕ. ಆ ಮಳೆಯ ನಂತರ ನಾನು ಕೂತು ಯೋಚಿಸಿದೆ. ಅರ್ಧ ಹೆಡಿಗೆ ಹೊತ್ತು ಜೋರಾಗಿ ಓಡುವುದು ಲಾಭವಾ, ಪೂರ್ತಿ ಹೊತ್ತು ನಿಧಾನ ಹೋಗುವುದು ಲಾಭವಾ? ಅರ್ಧ ಹೊತ್ತರೆ ಎರಡು ಪಟ್ಟು ಸಲ ಓಡಾಡಬೇಕು, ಖಾಲಿ ಕೈಯಲ್ಲಿ ವಾಪಸ್ ಬರುವುದೂ ಎರಡು ಪಟ್ಟು. ವೇಗ ಅಷ್ಟೇನೂ ಜಾಸ್ತಿಯಾಗುವುದಿಲ್ಲ. ಪೂರ್ತಿ ಹೊರುವುದೇ ಮೇಲು ಅಂತಾಯಿತು. ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. 22 ಕೆಜಿ ಅಡಿಕೆ ಸಾಗಿಸಲು ನಾನು ಪ್ರತಿ ಸಲ 64 ಕೆಜಿ ನನ್ನನ್ನೇ ಹೊತ್ತೊಯ್ಯುತ್ತಿದ್ದೆ, ಅದನ್ನೇ ವಾಪಸ್ ತರುತ್ತಿದ್ದೆ.

1672ರಲ್ಲಿ ಚಿಕ್ಕದೇವರಾಜ ಒಡೆಯರು ಶುರು ಮಾಡಿದ ಮೈಸೂರು ಅಂಚೆ ನೆನಪಾಯಿತು. ಅಲ್ಲಿ ಒಬ್ಬನೇ ಓಟಗಾರ ಊರಿಂದ ಊರಿಗೆ ಓಡುತ್ತಿರಲಿಲ್ಲ. ಹಂತ ಹಂತಕ್ಕೆ ಚೀಲ ಕೈ ಬದಲಾಗುತ್ತಿತ್ತು. ಅಮ್ಮನಿಗೆ ಹೇಳಿದೆ. "ಅದಕ್ಕೆಂತ, ಹಿಂದೆ ಮನೆಗೆ ಹಂಚು ಹೊದೆಸುವಾಗ ಹಾಗೇ ಅಲ್ವಾ ಮಾಡ್ತಿದ್ದಿದ್ದು" ಅಂದಳು.

ಈ ಸುಗ್ಗಿಯಲ್ಲಿ ಮತ್ತೊಂದು ಸಲ ಮೋಡ ಕಟ್ಟಿತು. ಇಬ್ಬರು ಕಣದಲ್ಲಿ ತುಂಬುತ್ತಾ ಹೋದರು. ಉಳಿದ ಎಂಟು ಜನ ಕಣದಿಂದ ಜಗಲಿವರೆಗೆ ಐದೈದು ಮೀಟರಿಗೆ ಒಬ್ಬರಂತೆ ನಿಂತೆವು. ಹೆಡಿಗೆ ಅರ್ಧರ್ಧ ತುಂಬಿಸಿ, ಕೈಯಿಂದ ಕೈಗೆ ದಾಟಿಸಿದೆವು. ಒಬ್ಬೊಬ್ಬರು ನಡೆದಿದ್ದು ನಾಲ್ಕೈದು ಹೆಜ್ಜೆ. ಅಮ್ಮ ಮೆಟ್ಟಿಲ ಮೇಲೆ ಕೊನೆಯವಳಾಗಿ ನಿಂತು ಜಗಲಿಗೆ ಸುರಿಯುತ್ತಿದ್ದಳು. ದೊಡ್ಡ ಹನಿ ಬೀಳಲು ಶುರುವಾದಾಗ ಕಣದಲ್ಲಿ ಉಳಿದಿದ್ದು ಮೂರು ಹೆಡಿಗೆಯಷ್ಟು.